ಬೆಟ್ಟ ತೋರಿಸದ ಕೋಲು

ನಮ್ಮ ಮನೆಯಲ್ಲಿ ಮುದ್ದೆ ತೊಳಸುವ ಕೋಲಿಗೆ ಹಿತ್ತಾಳೆಯ ಉಂಗುರವಿದೆ. ಹಿಡಿ ಬೀಟೆ ಮರದ್ದು, ಕಪ್ಪಗೆ, ಎಣ್ಣೆ ಕುಡಿದ ಹಾಗೆ ಕೈಗೆ ಕೂರುತ್ತದೆ. ಉಂಗುರದಿಂದ ಕೆಳಗೆ ಹಾಲಿನ ಬಣ್ಣದ ಸೀಮೆ ಮರ. ಹಿಟ್ಟು ಅದಕ್ಕೆ ಅಂಟುವುದಿಲ್ಲ. ಇಡೀ ಮಧುಗಿರಿ ತಾಲ್ಲೂಕಿನಲ್ಲಿ ಇಷ್ಟು ನಯವಾದ ಮುದ್ದೆ ಕೋಲು ಇನ್ನೊಂದಿಲ್ಲ ಎಂದರೆ ಅದು ಜಂಬವಲ್ಲ. ಜಂಬಪಡುವ ಸ್ಥಿತಿಯಲ್ಲಿ ನಾನಿಲ್ಲ.

ಅದಕ್ಕೆ ಒಂದೇ ಐಬು. ಕೋಲು ಕೂದಲೆಳೆಯಷ್ಟು ಸೊಟ್ಟ. ಸುಮ್ಮನೆ ನೋಡಿದರೆ ಕಾಣುವುದಿಲ್ಲ. ಮುದ್ದೆಗೂ ಅದರಿಂದ ತೊಂದರೆಯಿಲ್ಲ. ಮುದ್ದೆ ನೆಟ್ಟಗಿರಬೇಕೆಂದು ಯಾರೂ ಕೇಳುವುದಿಲ್ಲ, ದುಂಡಗಿದ್ದರೆ ಸಾಕು. ಆದರೆ ಈ ಕೋಲು ಹುಟ್ಟಿದ್ದು ಮುದ್ದೆಗಲ್ಲ, ಪೂಲ್ ಆಟಕ್ಕೆ. ಹಸಿರು ಬಟ್ಟೆ ಹೊದಿಸಿದ ಮೇಜಿನ ಮೇಲೆ ಬಣ್ಣದ ಚೆಂಡುಗಳನ್ನು ಕೋಲಿನಲ್ಲಿ ತಳ್ಳಿ ಮೂಲೆಯ ತೂತಿಗೆ ಬೀಳಿಸುತ್ತಾರಲ್ಲ, ಆ ಆಟ. ಕೋಲು ಮಾಡಿದವನು ನನ್ನ ಅಣ್ಣ ಹನುಮಂತರಾಯ. ಅದನ್ನು ಮುದ್ದೆಗೆ ಇಳಿಸಿದವಳು ನಾನು. ದಿನಕ್ಕೆ ಎರಡು ಹೊತ್ತು ಒಲೆಯ ಮುಂದೆ ಅದನ್ನು ಹಿಡಿದು ನಿಂತಾಗ ಏನೇನು ನೆನಪಾಗುತ್ತದೋ ಅದನ್ನೇ ಬರೆಯುತ್ತಿದ್ದೇನೆ. ಸಾಲುಗಳು ಸೊಟ್ಟಗಿದ್ದರೆ ಕ್ಷಮಿಸಿ, ಅದಕ್ಕೆ ಹಳೆಯ ಕಾರಣವಿದೆ.

ನಾನು ಓದಿದ್ದು ಏಳನೇ ಕ್ಲಾಸಿನವರೆಗೆ. ಅಲ್ಲಿ ನನ್ನನ್ನು ನಿಲ್ಲಿಸಿದ್ದು ರೇಖಾಗಣಿತ. ಎರಡು ಚುಕ್ಕಿ ಇಟ್ಟು ನಡುವೆ ಸರಳರೇಖೆ ಎಳೆಯಿರಿ ಎಂದು ಮೇಷ್ಟ್ರು ಹೇಳುತ್ತಿದ್ದರು. ನನ್ನ ಗೆರೆ ಮೊದಲ ಚುಕ್ಕಿಯಿಂದ ಹೊರಟು, ದಾರಿಯಲ್ಲಿ ಯಾರನ್ನೋ ಮಾತಾಡಿಸಿಕೊಂಡು, ಎರಡನೆಯ ಚುಕ್ಕಿಯ ಮನೆ ಮುಂದೆ ಹಾದು ಹೋಗಿಬಿಡುತ್ತಿತ್ತು. ಸ್ಕೇಲು ಇಟ್ಟುಕೊಂಡೇ ಎಳೆಯುತ್ತಿದ್ದೆ ಎಂದರೆ ಮೇಷ್ಟ್ರು ಕೊನೆಯವರೆಗೂ ನಂಬಲಿಲ್ಲ. ಆ ಸ್ಕೇಲು ಅಣ್ಣ ಮಾಡಿಕೊಟ್ಟದ್ದು. "ನಿಮ್ಮಣ್ಣ ಮರಾನೇ ನೆಟ್ಟಗೆ ಮಾಡ್ತಾನೆ, ನಿಂಗೆ ಒಂದ್ ಗೆರೆ ನೆಟ್ಟಗೆ ಬರಲ್ಲ. ಒಂದೇ ತಾಯಿ ಮಕ್ಕಳೇನಮ್ಮ ನೀವು?" ಎಂದರು. ಮನೆಗೆ ಬಂದು ಅದನ್ನೇ ಅವ್ವನನ್ನು ಕೇಳಿದೆ. ಅವ್ವ ಕೈಯಲ್ಲಿದ್ದ ಮುದ್ದೆ ಕೋಲು ತೋರಿಸಿದಳು. ವಿಚಾರಣೆ ಅಷ್ಟಕ್ಕೇ ಮುಗಿಯಿತು.

ಅಪ್ಪನದು ಹಗ್ಗದ ಲೇತು. ಒಬ್ಬರು ಹಗ್ಗವನ್ನು ಹಿಂದೆ ಮುಂದೆ ಎಳೆದು ಮರ ತಿರುಗಿಸಬೇಕು, ಇನ್ನೊಬ್ಬರು ಉಳಿ ಹಿಡಿದು ಕಡೆಯಬೇಕು. ಮುದ್ದೆ ಕೋಲು, ಮಜ್ಜಿಗೆ ಕಡಗೋಲು, ಲಟ್ಟಣಿಗೆ, ಬುಗುರಿ, ಮಂಚದ ಕಾಲು, ಇವೇ ನಮ್ಮ ಮನೆಯ ಬೆಳೆ. ಅಪ್ಪನ ಬೆನ್ನು ಹಿಡಿದುಕೊಂಡ ಮೇಲೆ ಅಣ್ಣ ಉಳಿ ಹಿಡಿದ, ನಾನು ಹಗ್ಗ. ಹಗ್ಗ ಒಂದೇ ಸಮ ಎಳೆಯಬೇಕು. ಒಂದು ಸಲ ಬೀದಿಯಲ್ಲಿ ಕರಡಿ ಆಡಿಸುವವನು ಬಂದ. ನಾನು ಕೈಯಲ್ಲಿ ಹಗ್ಗ ಎಳೆಯುತ್ತ ಕಣ್ಣಲ್ಲಿ ಕರಡಿ ನೋಡಿದೆ. ಕರಡಿ ಕುಣಿದಾಗ ನನ್ನ ಹಗ್ಗವೂ ಕುಣಿಯಿತು. ಮಂಚದ ಕಾಲು ಕೋಳಿಮೊಟ್ಟೆಯ ಆಕಾರಕ್ಕೆ ಬಂತು. ಅಪ್ಪ ಅಣ್ಣನ ಕೆನ್ನೆಗೆ ಹೊಡೆದರು. ಅಣ್ಣ ಉಳಿಯನ್ನು ತಿರುಗಿಸಿ ತಿರುಗಿಸಿ ನೋಡಿ "ನನ್ ಕೈ ಅದುರಿರ್ಬೇಕು" ಎಂದ. ನಾನು ಸುಮ್ಮನಿದ್ದೆ. ಆಗ ನನಗೆ ಒಂಬತ್ತು ವರ್ಷ. ಮುಂದೆ ಹೇಳುವ ವಿಷಯಕ್ಕೆ ಇದು ಪೀಠಿಕೆ ಎಂದು ಆಗ ಗೊತ್ತಿರಲಿಲ್ಲ.

ಮಂಚಗಳೆಲ್ಲ ಕಬ್ಬಿಣದ್ದಾಗಿ, ಬುಗುರಿಗಳು ಪ್ಲಾಸ್ಟಿಕ್ಕಾದ ಕಾಲದಲ್ಲಿ ಶಿರಾದಿಂದ ಚಾಂದ್ ಪಾಷ ಬಂದ. ಬಸ್‌ಸ್ಟ್ಯಾಂಡಿನ ಹಿಂದೆ ಎರಡು ಪೂಲ್ ಮೇಜು ಹಾಕಿಕೊಂಡಿದ್ದ ಮನುಷ್ಯ. ಕಂಕುಳಲ್ಲಿ ಎರಡು ತುಂಡಾದ ಕೋಲು. ಅಷ್ಟು ಹೊತ್ತಿಗೆ ಅಣ್ಣ ಲೇತಿಗೆ ಮೋಟಾರು ಹಾಕಿಸಿದ್ದ, ನನಗೆ ಹಗ್ಗದಿಂದ ಬಿಡುಗಡೆಯಾಗಿ ಪಕ್ಕದ ಮನೆಗೇ ಮದುವೆಯಾಗಿತ್ತು. ಎರಡು ಮನೆಗೂ ಒಂದೇ ಅಂಗಳ. ಹಾಗಾಗಿ ಆ ಮಾತುಕತೆ ನನ್ನ ಕಿವಿಗೆ ಪೂರ್ತಿ ಬಿತ್ತು.

"ಹನುಮಂತಣ್ಣಾ, ಇದು ಮುರ್ದೋಯ್ತು. ಇಂತದೇ ಇನ್ನೊಂದು ಆಗುತ್ತಾ?"

ಅಣ್ಣ ತುಂಡುಗಳನ್ನು ಜೋಡಿಸಿ ನೋಡಿದ. "ಏನಕ್ಕಿದು?"

"ಆಟಕ್ಕೆ ಭಾಯ್. ಟೇಬಲ್ ಮ್ಯಾಲೆ ಗೋಲಿ ಇಟ್ಟು ಇದ್ರಲ್ಲಿ ಹೊಡೆಯೋದು."

"ಗೋಲಿ ಹೊಡೆಯಕ್ಕೆ ಕೋಲ್ಯಾಕೆ? ಬೆರಳಿಲ್ವಾ?"

"ಇದು ದೊಡ್ಡೋರ ಗೋಲಿ."

"ದೊಡ್ಡೋರ ಬೆರಳಿಗೇನಾಗೈತೆ?"

ಚಾಂದ್ ಪಾಷ ನಕ್ಕು, "ಯಾವ ಮರನಾದ್ರೂ ಹಾಕಣ್ಣ, ಬಿಲ್ಕುಲ್ ಸೀದಾ ಇರ್ಬೇಕು, ಅಷ್ಟೇ" ಎಂದು ಹೊರಟುಹೋದ.

ಆ 'ಅಷ್ಟೇ' ಅಣ್ಣನ ಇಪ್ಪತ್ತು ವರ್ಷ ತಿಂದಿತು. ಮೊದಲು ಹುಣಸೆ ಮರದಲ್ಲಿ ಮಾಡಿದ. ನೆಟ್ಟಗಿತ್ತು. ಆದರೆ ಚಾಂದ್ ಪಾಷ ಅದನ್ನು ಎತ್ತಿ ನೋಡಿ, "ಇದ್ರಲ್ಲಿ ಚೆಂಡಲ್ಲ, ಎಮ್ಮೆ ಹೊಡೀಬಹುದು" ಎಂದ. ನೀಲಗಿರಿಯಲ್ಲಿ ಮಾಡಿದ. ಅದು ಬೆಳಿಗ್ಗೆ ಕೋಲಾಗಿದ್ದು ಸಂಜೆಗೆ ಹಾವಾಗಿತ್ತು. ತೇಗ, ಬೇವು, ಹೊನ್ನೆ ಎಲ್ಲಕ್ಕೂ ಒಂದೊಂದು ದೂರು. ಕೊನೆಗೆ ಬೆಂಗಳೂರಿನ ಟಿಂಬರ್ ಡಿಪೋದಿಂದ ಮೇಪಲ್ ಎಂಬ ಸೀಮೆ ಮರ ಬಂತು. ಹಿಡಿಗೆ ಮಾತ್ರ ಹೊರಗಿನದು ಬೇಡ ಎಂದ ಅಣ್ಣ, ಕೆಡವಿದ ಮನೆಗಳಿಂದ ಹಳೆಯ ಬೀಟೆ ಮಂಚದ ಪಟ್ಟಿಗಳನ್ನು ಹುಡುಕಿ ತರುತ್ತಿದ್ದ. ಹೀಗಾಗಿ ಶಿರಾದ ಪೂಲ್ ಮನೆಯಲ್ಲಿ ಹುಡುಗರು ಗುರಿ ಇಡುತ್ತಿದ್ದದ್ದು ಯಾರದೋ ಅಜ್ಜಿ ತಾತಂದಿರ ಮಂಚ ಹಿಡಿದುಕೊಂಡು. ಇದನ್ನು ಅವರಿಗೆ ಹೇಳಿರಲಿಲ್ಲ, ಹೇಳಿದ್ದರೆ ಗುರಿ ತಪ್ಪುತ್ತಿತ್ತು.

ಮರದ ಸ್ವಭಾವ ನಿಮಗೆ ಗೊತ್ತಿರಬಹುದು. ಕಡೆದ ತಕ್ಷಣ ಅದಕ್ಕೆ ಬೇಜಾರಾಗಿ ಒಂದು ಕಡೆಗೆ ತಿರುಗಿಕೊಳ್ಳುತ್ತದೆ. ಸ್ವಲ್ಪ ಕಡೆಯಬೇಕು, ಸೂರಿನ ತೊಲೆಗೆ ದಾರದಲ್ಲಿ ನೇತುಹಾಕಬೇಕು, ಮೂರು ನಾಲ್ಕು ತಿಂಗಳು ಬಿಡಬೇಕು. ಅದರ ಕೋಪ ಇಳಿದ ಮೇಲೆ ಇನ್ನಷ್ಟು ಕಡೆಯಬೇಕು. ಮತ್ತೆ ನೇತುಹಾಕಬೇಕು. ಗೋಡೆಗೆ ಒರಗಿಸಿದರೆ ಬಾಗುತ್ತದೆ, ನೆಲಕ್ಕೆ ಮಲಗಿಸಿದರೆ ತೇವ ಕುಡಿಯುತ್ತದೆ. ಒಂದು ಕೋಲಿಗೆ ವರ್ಷದ ಮೇಲೆ ಹಿಡಿಯುತ್ತಿತ್ತು. ಅಣ್ಣನ ಶೆಡ್ಡಿನಲ್ಲಿ ಯಾವಾಗ ನೋಡಿದರೂ ಹತ್ತು ಹದಿನೈದು ಕೋಲು ತೂಗುತ್ತಿದ್ದವು. ಕರೆಂಟಿನ ಮೀಟರ್ ನೋಡಲು ಬಂದವರು "ಕೋಲಾಟದ ತಂಡ ಕಟ್ಟಿದೀರಾ?" ಎಂದು ಕೇಳಿದ್ದುಂಟು. ಅಣ್ಣ "ಹೂಂ, ಇನ್ನೂ ಕುಣಿಯೋರು ಸಿಕ್ಕಿಲ್ಲ" ಎಂದಿದ್ದ.

ಪ್ರತಿ ಸಲ ಕಡೆದ ಮೇಲೂ ಕೋಲಿಗೆ ಬೆಟ್ಟ ತೋರಿಸಬೇಕು. ಇದು ನಮ್ಮ ಮನೆಯ ಮಾತು, ಬೇರೆ ಕಡೆ ಏನೆನ್ನುತ್ತಾರೋ ತಿಳಿಯದು. ನಮ್ಮ ಅಂಗಳದಿಂದ ಮಧುಗಿರಿ ಬೆಟ್ಟ ಇಡಿಯಾಗಿ ಕಾಣುತ್ತದೆ, ಅದರ ನೆತ್ತಿಯ ಕೋಟೆಯಲ್ಲಿ ಒಂದು ಬುರುಜು ಬೆರಳುಗುರಿನಷ್ಟು ಕಾಣುತ್ತದೆ. ಕೋಲನ್ನು ಕೆನ್ನೆಗೆ ಒತ್ತಿ, ಎಡಗಣ್ಣು ಮುಚ್ಚಿ, ಕೋಲಿನ ತುದಿಯನ್ನು ಆ ಬುರುಜಿನ ಮೇಲಿಟ್ಟು, ಬೆರಳಲ್ಲಿ ನಿಧಾನ ಉರುಳಿಸಬೇಕು. ನೆಟ್ಟಗಿದ್ದರೆ ತುದಿ ಬುರುಜಿನ ಮೇಲೆ ಕಾಗೆಯ ಹಾಗೆ ಕೂತಿರುತ್ತದೆ. ಸೊಟ್ಟಗಿದ್ದರೆ ಬುರುಜಿಗೆ ಪ್ರದಕ್ಷಿಣೆ ಹಾಕುತ್ತದೆ. ಚಪ್ಪಡಿಯ ಮೇಲೆ ಉರುಳಿಸಿಯೂ ನೋಡಬಹುದು. ಆದರೆ ಚಪ್ಪಡಿಗೆ ತಿಳಿಯುವುದು ದೊಡ್ಡ ಸೊಟ್ಟು ಮಾತ್ರ. "ಚಪ್ಪಡಿ ನಮ್ ನೆಂಟ್ರಿದ್ದಂಗೆ, ಎಲ್ಲಾ ಚೆನ್ನಾಗೈತೆ ಅಂತದೆ. ಬೆಟ್ಟ ಹಂಗಲ್ಲ" ಎನ್ನುತ್ತಿದ್ದ ಅಣ್ಣ.

ಮೂರು ವರ್ಷದ ಹಿಂದೆ ಅಣ್ಣನ ಕಣ್ಣು ಹೋಯಿತು. ಪೂರ್ತಿ ಹೋಗಲಿಲ್ಲ, ಹೋಗಬಾರದ ಜಾಗದಲ್ಲಿ ಮಾತ್ರ ಹೋಯಿತು. ಸುತ್ತಮುತ್ತ ಮಸುಕಾಗಿಯಾದರೂ ಕಾಣುತ್ತಿತ್ತು, ನಟ್ಟನಡುವೆ ನೋಡಿದ್ದೆಲ್ಲ ನೀರಿನಲ್ಲಿ ಕಂಡಂತೆ ಅಲುಗುತ್ತಿತ್ತು. ತುಮಕೂರಿನಲ್ಲಿ ಕಣ್ಣಿನ ಡಾಕ್ಟರು ಚೌಕುಳಿ ಗೆರೆಗಳ ಒಂದು ಕಾಗದ ಮುಂದೆ ಹಿಡಿದು, "ಗೆರೆಗಳು ಹೇಗೆ ಕಾಣುತ್ತವೆ?" ಎಂದು ಕೇಳಿದರು.

ಅಣ್ಣ ಬಹಳ ಹೊತ್ತು ನೋಡಿ, "ಎಳ್ದೋನು ಸರಿಯಾಗಿ ಎಳ್ದಿಲ್ಲ ಸಾರ್" ಎಂದ.

ಡಾಕ್ಟರು ಕಾಗದವನ್ನು ನನಗೆ ತೋರಿಸಿದರು. ಗೆರೆಗಳು ನೆಟ್ಟಗಿದ್ದವು. ನನ್ನ ಜೀವಮಾನದಲ್ಲಿ ಮೊದಲ ಸಲ ಗೆರೆಯ ವಿಷಯದಲ್ಲಿ ನಾನು ಸರಿ, ಅಣ್ಣ ತಪ್ಪು. ಇಂಜೆಕ್ಷನ್ ಹಾಕಿದರೆ ಉಳಿದದ್ದು ಉಳಿಯುತ್ತದೆ, ಹೋದದ್ದು ಬರುವುದಿಲ್ಲ ಎಂದರು. ಬಸ್ಸು ಕೊರಟಗೆರೆ ದಾಟಿ ನಮ್ಮ ಊರಿನ ಬೆಟ್ಟ ಕಂಡಾಗ ಅಣ್ಣ ಕಿಟಕಿಗೆ ಮುಖ ಹಚ್ಚಿ ಕೂತಿದ್ದ.

"ರತ್ನೀ, ಬೆಟ್ಟಾನೇ ಸೊಟ್ಟ ಕಾಣ್ತೈತಲ್ಲೇ."

"ಬೆಟ್ಟ ಯಾವತ್ತು ನೆಟ್ಟಗಿತ್ತಣ್ಣ?"

"ನಂಗಿತ್ತು" ಎಂದ.

ಹೀಗೆ ನಾನು ಆ ಕಸುಬಿನ ಕಣ್ಣಾದೆ. ಸ್ಕೇಲಿಟ್ಟು ಗೆರೆ ಎಳೆಯಲಾರದವಳನ್ನು ನೆಟ್ಟಗಿರುವುದಕ್ಕೆ ಸಾಕ್ಷಿಯಾಗಿ ನೇಮಿಸಿದ್ದು ಅಣ್ಣನ ಮೊದಲ ತಪ್ಪು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲವಾದ್ದರಿಂದ ಅವನನ್ನೂ ದೂರುವಂತಿಲ್ಲ. ಅತ್ತಿಗೆ ತೀರಿಹೋಗಿ ಬಹಳ ವರ್ಷವಾಗಿತ್ತು. ನಮ್ಮ ಮನೆಯವರಿಗೆ ಕೋಲು ಎಂದರೆ ಹಸು ಕಟ್ಟುವ ಗೂಟಕ್ಕಿಂತ ಹೆಚ್ಚಿನದಲ್ಲ. ಅಣ್ಣ ಕಡೆಯುತ್ತಿದ್ದ, ಅವನ ಬೆರಳುಗಳಿಗೆ ನಯ ಒರಟು ತಿಳಿಯುತ್ತಿತ್ತು, ದಪ್ಪ ಸಣ್ಣ ತಿಳಿಯುತ್ತಿತ್ತು. ನೆಟ್ಟಗೋ ಸೊಟ್ಟಗೋ ಎಂಬುದನ್ನು ಮಾತ್ರ ನಾನು ಹೇಳಬೇಕು.

"ಬೆಟ್ಟ ತೋರ್ಸಿದ್ಯಾ?"

"ತೋರಿಸ್ದೆ."

"ನೆಟ್ಟಗೈತಾ?"

"ನೆಟ್ಟಗೈತೆ ಕಣಣ್ಣ."

ಒಂದು ವರ್ಷ ನಮ್ಮಿಬ್ಬರ ಮಾತು ಇಷ್ಟೇ. ಅಣ್ಣನ ಕೈ ಅಷ್ಟು ಚೊಕ್ಕ. ನೋಡಿದ ಪ್ರತಿ ಕೋಲೂ ನೆಟ್ಟಗೇ ಇರುತ್ತಿತ್ತು, ನನಗೆ 'ಇಲ್ಲ' ಎನ್ನುವ ಸಂದರ್ಭವೇ ಬರಲಿಲ್ಲ. ಮೊದಮೊದಲು ಒಂದು ಕೋಲನ್ನು ನಾಲ್ಕು ಸುತ್ತು ಉರುಳಿಸಿ ನೋಡುತ್ತಿದ್ದೆ. ಆಮೇಲೆ ಎರಡು. ಆಮೇಲೆ ಒಲೆಯ ಮೇಲೆ ಹಾಲಿಟ್ಟು ಬಂದು ಅರ್ಧ ಸುತ್ತು. ಹೌದೆನ್ನುವುದು ಒಂದು ಅಭ್ಯಾಸ. ಹಿಡಿಯಲು ಕಷ್ಟವಿಲ್ಲ, ಬಿಡುವುದು ಕಷ್ಟ.

ಅಷ್ಟರಲ್ಲಿ ಕಸುಬಿಗೇ ಕೆಟ್ಟ ಕಾಲ ಬಂದಿತ್ತು. ಚಾಂದ್ ಪಾಷನ ಅಂಗಡಿಗೆ ಎರಡು ದಿನದಲ್ಲಿ ಪಾರ್ಸಲ್ ಬರುವ ಕಾರ್ಖಾನೆಯ ಕೋಲುಗಳು ಬಂದವು. ಫೈಬರಿನವು. ಬಿಸಿಲಿಗಿಟ್ಟರೂ ಬಾಗವು, ಮಳೆಗಿಟ್ಟರೂ ಬಾಗವು. ಚಾಂದ್ ಪಾಷ ಒಂದನ್ನು ತಂದು ಅಣ್ಣನ ಕೈಗಿಟ್ಟ. ಅಣ್ಣ ಸವರಿ ನೋಡಿದ.

"ಬಗ್ಗಾದೇ ಇಲ್ವಾ?"

"ಬಿಲ್ಕುಲ್ ಇಲ್ಲ ಭಾಯ್."

"ಹಂಗಾರೆ ಇದುನ್ನ ಮಾಡ್ದೋನಿಗೆ ಕೆಲ್ಸಾನೇ ಇಲ್ವಲ್ಲೋ" ಎಂದು ವಾಪಸು ಕೊಟ್ಟ.

ಮರದ ಕೋಲೇ ಬೇಕೆನ್ನುವವರು ಶಿರಾದಲ್ಲಿ ಇಬ್ಬರು, ಕೊರಟಗೆರೆಯಲ್ಲಿ ಒಬ್ಬರು ಉಳಿದರು. ಮತ್ತೊಬ್ಬ ಪಾವಗಡದ ನರಸಿಂಹುಲು. ಸೋಲಾರ್ ತಟ್ಟೆಗಳನ್ನು ಒರೆಸುವ ಕೆಲಸದವನು, ಮಾತು ಅರ್ಧ ಕನ್ನಡ ಅರ್ಧ ತೆಲುಗು. ದಿನವಿಡೀ ಬಿಸಿಲಿನಲ್ಲಿ ಸಾಲು ಸಾಲು ತಟ್ಟೆ ಒರೆಸಿ, ರಜೆಯ ದಿನ ಬಸ್ಸು ಹತ್ತಿ ಶಿರಾಕ್ಕೆ ಹೋಗಿ ಆಡುತ್ತಿದ್ದ. ಹಿಂದೂಪುರದಲ್ಲಿ ನಡೆಯುವ ಪಂದ್ಯಕ್ಕೆ ಅಣ್ಣನ ಕೈಯ ಕೋಲೇ ಬೇಕೆಂದು ಒಂದೂವರೆ ವರ್ಷ ಕಾದಿದ್ದ. ಆ ಕೋಲಿಗೆ ಅಣ್ಣ ಮಾಡಿದಷ್ಟು ಉಪಚಾರ ಯಾವ ಅಳಿಯನಿಗೂ ಯಾರೂ ಮಾಡಿರಲಾರರು. ಐದು ಸಲ ಕಡೆದು ಐದು ಸಲ ತೂಗಿಸಿದ. ಹಿತ್ತಾಳೆಯ ಉಂಗುರ ಕೂರಿಸಿದ.

ಕೊನೆಯ ಸಲ ಬೆಟ್ಟ ತೋರಿಸಬೇಕಾದ ದಿನ ಧನುರ್ಮಾಸದ ಶುಕ್ರವಾರ. ನಾನು ಗೊರವನಹಳ್ಳಿಯ ಮಹಾಲಕ್ಷ್ಮಿಗೆ ಹರಕೆ ಹೊತ್ತಿದ್ದೆ. ಐದು ಶುಕ್ರವಾರ ಹೋಗುತ್ತೇನೆಂದು. ಅದು ಐದನೆಯದು. ಬಸ್ಸಿಗೆ ಕಾಲು ಗಂಟೆಯಿತ್ತು. ಅಣ್ಣ ಶೆಡ್ಡಿನಿಂದ ಕೋಲು ಕೊಟ್ಟ. ಅಂಗಳಕ್ಕೆ ಬಂದು ಕೆನ್ನೆಗೆ ಒತ್ತಿ ನೋಡುತ್ತೇನೆ, ಬೆಟ್ಟವೇ ಇಲ್ಲ.

ಮಂಜು. ಬುರುಜಿಲ್ಲ, ಕೋಟೆಯಿಲ್ಲ, ಬೆಟ್ಟವೆಂಬ ಬೆಟ್ಟವೇ ಇಲ್ಲ. ಎದುರು ಮನೆಯ ನೀರಿನ ಟ್ಯಾಂಕೂ ಇಲ್ಲ. ಮಂಜು ಕರಗಲು ಒಂದು ಗಂಟೆಯಾದರೂ ಬೇಕು, ಬಸ್ಸು ಕಾಯುವುದಿಲ್ಲ. ಅಣ್ಣನ ಕಣ್ಣಿಗೆ ಎಲ್ಲ ದಿನವೂ ಮಂಜೇ ಆದ್ದರಿಂದ ಆ ದಿನದ ಮಂಜು ಅವನಿಗೆ ಗೊತ್ತಾಗಿರಲಿಲ್ಲ.

"ಬೆಟ್ಟ ತೋರ್ಸಿದ್ಯಾ?" ಒಳಗಿಂದ ಕೇಳಿದ.

"ತೋರಿಸ್ದೆ."

"ನೆಟ್ಟಗೈತಾ?"

"ನೆಟ್ಟಗೈತೆ ಕಣಣ್ಣ."

ಕೋಲನ್ನು ಅವನ ಕೈಗಿಟ್ಟು ಓಡಿದೆ. ದೇವರ ದರ್ಶನಕ್ಕೆ ಹೊತ್ತಾಗಬಾರದೆಂದು ಸುಳ್ಳು ಹೇಳಿದವರು ನನಗಿಂತ ಮೊದಲು ಇದ್ದರೋ ಇಲ್ಲವೋ. ಗುಡಿಯಲ್ಲಿ ಸಾಲು ಉದ್ದವಿತ್ತು, ಸಾಲೂ ಸೊಟ್ಟಗಿತ್ತು. ಸಂಜೆ ಬಂದವಳು ಕೈಯಲ್ಲಿದ್ದ ಕುಂಕುಮವನ್ನು ಕೋಲಿಗೂ ಇಟ್ಟೆ. ಮರುದಿನ ನರಸಿಂಹುಲು ಬಂದು, ಕುಂಕುಮ ಕಂಡು ಕೋಲನ್ನು ಕಣ್ಣಿಗೊತ್ತಿಕೊಂಡು ಒಯ್ದ. ಅಣ್ಣ ಅವನ ಮುಂದೆ, "ನಮ್ ರತ್ನಿ ಬೆಟ್ಟ ತೋರ್ಸವ್ಳೆ. ಇನ್ನು ಚಪ್ಪಡಿಗಿಪ್ಪಡಿ ಏನೂ ಬ್ಯಾಡ" ಎಂದ. ನಾನು ಕಾಫಿ ತರಲು ಒಳಗೆ ಹೋದೆ.

ಶಿವರಾತ್ರಿ ಕಳೆದ ಮೇಲೆ ನರಸಿಂಹುಲು ವಾಪಸು ಬಂದ, ಚಾಂದ್ ಪಾಷನನ್ನು ಜೊತೆಗೆ ಕರೆದುಕೊಂಡು. ಅಂಗಳದ ಕಲ್ಲಿನ ಮೇಲೆ ಕೂತ. ಹಿಂದೂಪುರದ ಪಂದ್ಯದಲ್ಲಿ ಮೊದಲ ಸುತ್ತಿಗೇ ಸೋತಿದ್ದ.

"ಅಣ್ಣಾ, ತಪ್ಪು ತಿಳ್ಕೋಬ್ಯಾಡ. ಬಾಲು ಎಡಕ್ಕೆ ಪೋತಾ ಉಂದಿ, ಎಡಕ್ಕೇ ಹೋಗ್ತೈತೆ. ನಾನು ನೆಟ್ಟಗೇ ಹೊಡೀತೀನಿ, ಅದು ಎಡಕ್ಕೆ ಪೋತಾ ಉಂದಿ."

ಚಾಂದ್ ಪಾಷ ಕೋಲನ್ನು ಅಣ್ಣನ ಕೈಗೆ ಕೊಟ್ಟು ಮೆಲ್ಲಗೆ, "ಸೀದಾ ಇಲ್ಲ ಭಾಯ್" ಎಂದ.

ಅಣ್ಣ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನೋಡಿದ್ದರೆ ಅಂದೇ ಎಲ್ಲ ಮುಗಿಯುತ್ತಿತ್ತು. ಅವನ ಲೆಕ್ಕ ಬೇರೆಯೇ ಇತ್ತು. ರತ್ನಿ ಬೆಟ್ಟ ತೋರಿಸಿದ ದಿನ ಕೋಲು ನೆಟ್ಟಗಿತ್ತು, ಈಗ ಸೊಟ್ಟಗಿದೆ. ಅಂದರೆ ಮರ ಆಮೇಲೆ ತಿರುಗಿದೆ. ಅಂದರೆ ಕೋಪ ಇಳಿಯದ ಮರವನ್ನು ಇಳಿದಿದೆ ಎಂದು ತಿಳಿದು ಕಡೆದದ್ದು ತಾನು. ಕಣ್ಣಿನ ದಾರಿ ಮುಚ್ಚಿದ ಮೇಲೆ ಬೆರಳಿನ ಹದವೊಂದೇ ಅವನಿಗೆ ಉಳಿದಿತ್ತು. ಎರಡು ಕೈಗಳನ್ನೂ ಮುಖದ ಹತ್ತಿರ ತಂದು, ಕಾಣುವ ಅಂಚಿನಿಂದ ನೋಡಿಕೊಂಡ.

"ಕಣ್ಣೋದ್ರೂ ಕೈ ಐತೆ ಅಂದ್ಕಂಡಿದ್ದೆ. ಕೈಯೂ ಹೋಗ್ಬುಡ್ತು ಕಣ್ರಪ್ಪಾ" ಎಂದ.

ಮಂಚದ ಕಾಲು ಕೋಳಿಮೊಟ್ಟೆಯಾದ ದಿನ ಉಳಿಯನ್ನು ತಿರುಗಿಸಿ ನೋಡಿದ್ದನಲ್ಲ, ಅದೇ ಮುಖ. ನಾನೂ ಆ ದಿನದ ಹಾಗೆಯೇ ಸುಮ್ಮನಿದ್ದೆ. ನಲವತ್ತು ವರ್ಷದಲ್ಲಿ ನನ್ನಲ್ಲಿ ಯಾವ ಬದಲಾವಣೆಯೂ ಆಗಿರಲಿಲ್ಲ.

ಅವತ್ತೇ ಲೇತಿನ ಮೇಲೆ ಗೋಣಿಚೀಲ ಹೊದಿಸಿದ. ಆ ಕೋಲಿನ ಎರಡು ಕೊನೆಗಳನ್ನೂ ಗರಗಸದಲ್ಲಿ ಕತ್ತರಿಸಿ, ನಡುವಿನ ದಪ್ಪ ಭಾಗವನ್ನು ಉಂಗುರದ ಸಮೇತ ತಂದು ಕೊಟ್ಟ. "ತಗಳಮ್ಮ, ಹಿಟ್ಟಿಗಾಗ್ತದೆ." ನಾನು ತೆಗೆದುಕೊಂಡೆ. ನಿಮಗೆ ಯಾರಾದರೂ ನಿಮ್ಮ ಸುಳ್ಳನ್ನು ನಯವಾಗಿ ಉಜ್ಜಿ, ಹಿಡಿ ಹಾಕಿ ಕೊಟ್ಟರೆ ಏನು ಮಾಡುತ್ತೀರಿ? ನಾನು ತೊಳೆದು ಒಲೆಯ ಪಕ್ಕ ಇಟ್ಟೆ.

ಹೇಳಬೇಕೆಂದು ಎಷ್ಟೋ ಸಲ ಹೊರಟೆ. ಮುದ್ದೆ ಬಡಿಸುವಾಗ ಹೇಳೋಣವೆಂದರೆ ಊಟದ ಹೊತ್ತು. ಊಟವಾದ ಮೇಲೆ ಹೇಳೋಣವೆಂದರೆ ಅವನಿಗೆ ನಿದ್ದೆಯ ಹೊತ್ತು. ಗೊರವನಹಳ್ಳಿಗೆ ಇನ್ನೊಮ್ಮೆ ಹೋಗಿ ದೇವಿಯ ಮುಂದಾದರೂ ಒಪ್ಪಿಕೊಳ್ಳೋಣವೆಂದು ನಿಂತರೆ, ಹಿಂದಿನವರು "ಮುಂದಕ್ಕೋಗಮ್ಮಾ" ಎಂದು ತಳ್ಳಿದರು. ಅಣ್ಣ ಕಟ್ಟೆಯ ಮೇಲೆ ಕೂತು, ಬರುವ ಹೋಗುವ ಬಸ್ಸುಗಳನ್ನು ಸದ್ದಿನಲ್ಲೇ ಗುರುತಿಸುವುದನ್ನು ಕಲಿತ. ಶೆಡ್ಡಿನಲ್ಲಿ ಹದಿನಾಲ್ಕು ಕೋಲು ಅರ್ಧ ಕಡೆದವು ಹಾಗೆಯೇ ತೂಗುತ್ತಿದ್ದವು.

ಆಷಾಢದಲ್ಲಿ ಬಡವನಹಳ್ಳಿಯ ಚಿಕ್ಕಮ್ಮ ಬಂದಳು. ಅಲ್ಲಿ ಮೊರ, ಬುಟ್ಟಿ, ಪೊರಕೆ ಇಟ್ಟುಕೊಂಡು ಅಂಗಡಿ ಮಾಡುವವಳು. ನನ್ನ ಅಡುಗೆಮನೆಗೆ ಬಂದವಳು ಮುದ್ದೆ ಕೋಲು ಹಿಡಿದು ಬಿಡಲೇ ಇಲ್ಲ.

"ಏನೇ ರತ್ನಿ ಇದು, ದೇವ್ರ ಪೂಜೆ ಬೆತ್ತ ಇದ್ದಂಗೈತೆ! ಹಿಟ್ಟು ಅಂಟಾದೇ ಇಲ್ವಲ್ಲೇ. ಯಾರೇ ಮಾಡಿದ್ದು?"

"ಅಣ್ಣ."

"ಲೇ ಹನುಮಂತ!" ಎಂದು ಅಂಗಳಕ್ಕೇ ಕೂಗಿದಳು. "ಇಂತ ಕೋಲು ನಂಗೊಂದ್ ಹತ್ತು ಮಾಡ್ಕೊಡಲಾ. ಸಂತೇಲಿ ಹೆಂಗುಸ್ರು ಮುಗಿಬೀಳ್ತಾರೆ."

ಅಣ್ಣ ಯೋಚಿಸಲೂ ಇಲ್ಲ. "ಹದಿನಾಲ್ಕವೆ ಚಿಕ್ಕಮ್ಮ. ಇನ್ನೂ ದಪ್ಪಗವೆ, ಹಿಟ್ಟಿಗೆ ಸರಿಹೋಗ್ತವೆ. ಎಲ್ಲಾ ತಗೊಂಡೋಗು" ಎಂದ.

"ಎಲ್ಲಾನೂವಾ?"

"ಇನ್ನೇನ್ ಮಾಡ್ಲಿ? ಅವ್ಕೂ ಬೇಜಾರಾಗೈತೆ, ನಂಗೂ ಬೇಜಾರಾಗೈತೆ."

ಎದ್ದು ಶೆಡ್ಡಿಗೆ ಹೋದ. ತಡವಿ ಒಂದು ಕೋಲಿನ ದಾರ ಬಿಚ್ಚಿದ. ಮರ ಕೊಯ್ಯುವ ದಿಮ್ಮಿಯ ಮೇಲಿಟ್ಟು ಗರಗಸ ಹಿಡಿದ. ಚಿಕ್ಕಮ್ಮ ಹಿಡಿಗೆ ಬಣ್ಣ ಬೇಕೋ ಬೇಡವೋ ಎಂದು ಹೇಳುತ್ತಲೇ ಇದ್ದಳು. ನನ್ನ ಸುಳ್ಳು ಇದುವರೆಗೆ ಒಂದು ಕೋಲು ತಿಂದಿತ್ತು. ಈಗ ಹದಿನಾಲ್ಕು ತಿನ್ನಲು ಬಾಯಿ ತೆರೆದು ಕೂತಿತ್ತು. ಗರಗಸ ಒಂದು ಸಲ ಹೋಗಿ ಬಂತು. ಮರದ ಹುಡಿ ಉದುರಿತು.

"ಅಣ್ಣ, ಅವತ್ತು ಬೆಟ್ಟ ಇರ್ಲಿಲ್ಲ" ಎಂದೆ.

ಗರಗಸ ನಿಂತಿತು. "ಯಾವತ್ತು?"

"ನರಸಿಂಹುಲು ಕೋಲಿನ ದಿನ."

"ಇರ್ಲಿಲ್ಲ ಅಂದ್ರೆ? ಎಲ್ಲಿಗೋಗಿತ್ತು?"

"ಮಂಜು ಮುಚ್ಚಿತ್ತು. ನಾನ್ ನೋಡ್ಲಿಲ್ಲ. ನೆಟ್ಟಗೈತೆ ಅಂತ ಸುಮ್ನೆ ಅಂದ್ಬುಟ್ಟೆ. ಗೊರವನಹಳ್ಳಿ ಬಸ್ಸಿಗೆ ಹೊತ್ತಾಗಿತ್ತು."

ಅಷ್ಟು ಹೊತ್ತೂ ಬಿಡದ ಮುದ್ದೆ ಕೋಲನ್ನು ಚಿಕ್ಕಮ್ಮ ಕೆಳಗಿಟ್ಟಳು.

ಅಣ್ಣ ಗರಗಸದ ಹಲ್ಲಿಗಂಟಿದ ಹುಡಿಯನ್ನು ಬೆರಳಲ್ಲಿ ಒರೆಸಿದ. ಆಮೇಲೆ ಕೇಳಿದ. "ಬಸ್ ಸಿಕ್ತಾ?"

"ಸಿಕ್ತು."

"ಸೀಟು?"

"ಇಲ್ಲ. ನಿಂತ್ಕಂಡೇ ಹೋದೆ."

"ಹೂಂ" ಎಂದ. ಗರಗಸ ಕೆಳಗಿಟ್ಟ. ಬಲಗೈಯಿಂದ ಎಡಗೈಯನ್ನೂ ಎಡಗೈಯಿಂದ ಬಲಗೈಯನ್ನೂ ಒಂದು ಸಲ ಸವರಿಕೊಂಡ, ಕಳೆದು ಸಿಕ್ಕಿದ ಸಾಮಾನು ಸರಿಯಾಗಿದೆಯೇ ಎಂದು ನೋಡುವವರ ಹಾಗೆ. ಆಮೇಲೆ ಚಿಕ್ಕಮ್ಮನಿಗೆ, "ಹದಿಮೂರು ಕೊಡಾಕಾಗಲ್ಲ ಚಿಕ್ಕಮ್ಮ. ಇದೊಂದು ಗಾಯ ಆಗ್ಬುಟ್ಟೈತೆ, ಇದುನ್ನ ತಗೊಂಡೋಗು" ಎಂದ.

"ಮಂಚದ್ ಕಾಲೂ ನಾನೇ ಕೆಡ್ಸಿದ್ದು. ಕರಡಿ ನೋಡ್ತಿದ್ದೆ" ಎಂದೆ. ಹೊರಟಿದ್ದು ಹೊರಟಿತು, ಎಲ್ಲ ಹೋಗಲಿ ಎಂದು.

"ಯಾವ ಮಂಚ?"

ಅವನಿಗೆ ನೆನಪೇ ಇರಲಿಲ್ಲ. ನಲವತ್ತು ವರ್ಷ ನಾನೊಬ್ಬಳೇ ಅದನ್ನು ಹೊತ್ತುಕೊಂಡಿದ್ದೆ.

ಕ್ಷಮಿಸಿದನೆಂದು ನೀವು ತಿಳಿಯಬೇಡಿ. ಹನ್ನೊಂದು ದಿನ ನನ್ನೊಡನೆ ಮಾತಾಡಲಿಲ್ಲ. ಮುದ್ದೆ ಮಾತ್ರ ಉಣ್ಣುತ್ತಿದ್ದ, ಅದೇ ಕೋಲಿನಲ್ಲಿ ತೊಳಸಿದ್ದನ್ನು. ಹನ್ನೆರಡನೆಯ ದಿನ, "ನರಸಿಂಹುಲುಗೆ ನೀನೇ ಹೇಳು" ಎಂದ. ಫೋನು ಮಾಡಿದೆ. ಪಾವಗಡದ ಬಿಸಿಲಿನಲ್ಲಿ ತಟ್ಟೆ ಒರೆಸುತ್ತ ನಿಂತಿದ್ದವನು ಪೂರ್ತಿ ಕೇಳಿ, "ಅಂಟೇ, ನಾ ಚೆಯ್ಯಿ ಬಾಗಾನೇ ಉಂದಾ ಅಕ್ಕಾ? ನನ್ ಕೈ ಸರಿಗೇ ಐತಾ?" ಎಂದ. ಸೋತ ದಿನದಿಂದ ಅವನು ತನ್ನ ತೋಳಿಗೇ ಏನೋ ಆಗಿದೆಯೆಂದು ಎಣ್ಣೆ ತಿಕ್ಕಿಕೊಳ್ಳುತ್ತಿದ್ದನಂತೆ. ನಾನು ನೋಡದೆ ಬಿಟ್ಟ ಒಂದು ಕೋಲಿಗೆ ಇಬ್ಬರು ಗಂಡಸರು ತಮ್ಮ ತಮ್ಮ ಕೈಗಳನ್ನು ದೂರುತ್ತ ಕೂತಿದ್ದರು. "ಅಣ್ಣನ್ನ ಇನ್ನೊಂದು ಮಾಡಕ್ಕೇಳಕ್ಕಾ. ದಸರಾಗೆ ಹಿಂದೂಪುರದಲ್ಲಿ ಮಳ್ಳೀ ಪಂದ್ಯ ಉಂದಿ" ಎಂದ. ದಸರಾಕ್ಕೆ ಮತ್ತೆ ಪಂದ್ಯವಿದೆ ಎಂದು.

ಅಣ್ಣ ಗೋಣಿಚೀಲ ತೆಗೆದ. ತೂಗುತ್ತಿದ್ದವುಗಳಲ್ಲಿ ಹಳೆಯದೊಂದನ್ನು ಇಳಿಸಿ ಕಡೆದ.

ಈ ಕಸುಬು ಮುಂದೆ ಇರುತ್ತದೆಯೇ ಎಂದು ಯಾರಾದರೂ ನನ್ನನ್ನು ಕೇಳಿದರೆ ಹೇಳುವುದು ಇಷ್ಟು. ಸದ್ಯಕ್ಕೆ ಅದಕ್ಕೆ ಅರವತ್ತು ದಾಟಿದ ಎರಡು ಕೈಗಳಿವೆ, ಐವತ್ತು ದಾಟಿದ ಒಂದು ಕಣ್ಣಿದೆ. ಎಡಗಣ್ಣು ಮುಚ್ಚಬೇಕಾದ್ದರಿಂದ ಅದನ್ನು ಲೆಕ್ಕಕ್ಕೆ ಹಿಡಿದಿಲ್ಲ. ಎಲ್ಲ ಕೂಡಿಸಿದರೂ ಒಬ್ಬ ಮನುಷ್ಯನಿಗೆ ಒಂದು ಕಣ್ಣು ಕಡಿಮೆ. ಮುದ್ದೆ ಕೋಲಿಗೆ ಬಡವನಹಳ್ಳಿಯಲ್ಲಿ ಗಿರಾಕಿಗಳಿದ್ದಾರೆ. ಪೂಲ್ ಕೋಲಿಗೆ ನಾಲ್ಕು ಜನ.

ದಸರಾಕ್ಕೆ ಮೂರು ವಾರವಿತ್ತು. ಹಿಂದಿನ ದಿನ ಮಳೆ ಸುರಿದು, ಬೆಳಗಿನ ಬಿಸಿಲಿಗೆ ಬೆಟ್ಟ ತೊಳೆದಿಟ್ಟ ಹಾಗೆ ನಿಂತಿತ್ತು. ಅಣ್ಣ ಶೆಡ್ಡಿನಿಂದ ಹೊರಗೆ ಬಂದು ಕೋಲನ್ನು ನನ್ನ ಕೈಗಿಟ್ಟ.

"ಇವತ್ತೈತಾ ಬೆಟ್ಟ?"

"ಐತೆ."

"ತೋರ್ಸು."

ಕೆನ್ನೆಗೆ ಒತ್ತಿದೆ. ಎಡಗಣ್ಣು ಮುಚ್ಚಿದೆ. ಒಲೆಯ ಮೇಲೆ ಏನೂ ಇರಲಿಲ್ಲ, ನಾನು ಹೋಗಬೇಕಾದ ಬಸ್ಸೂ ಇರಲಿಲ್ಲ. ಒಂದು ಸುತ್ತು ಉರುಳಿಸಿದೆ. ಎರಡು ಸುತ್ತು. ನಾಲ್ಕು ಸುತ್ತು. ತುದಿ ಬುರುಜಿನ ಮೇಲೆ ಕೂರುತ್ತಿತ್ತು, ಒಂದು ಕಡೆ ಬಂದಾಗ ಕಾಲು ಜಾರಿದ ಹಾಗೆ ಕೂದಲೆಳೆಯಷ್ಟು ಸರಿಯುತ್ತಿತ್ತು, ಮತ್ತೆ ಬಂದು ಕೂರುತ್ತಿತ್ತು. ಐದನೆಯ ಸುತ್ತಿನಲ್ಲೂ ಸರಿಯಿತು. ಪಾವಗಡದಲ್ಲಿ ನರಸಿಂಹುಲು ಕಾಯುತ್ತಿದ್ದ. ನನ್ನ ಹಿಂದೆ ಅಣ್ಣ ನಿಂತಿದ್ದ. 'ನೆಟ್ಟಗೈತೆ ಕಣಣ್ಣ' ಎಂಬ ಮಾತು ಅಭ್ಯಾಸಬಲದಿಂದ ನಾಲಿಗೆಯ ತುದಿಗೆ ಬಂದು ಕೂತಿತ್ತು.

"ನೆಟ್ಟಗೈತಾ?"

"ಇಲ್ಲ" ಎಂದೆ.

ಅಣ್ಣ ಕೈ ಚಾಚಿ ಕೋಲನ್ನು ತೆಗೆದುಕೊಂಡ. ದಾರ ಹುಡುಕುವ ಸದ್ದು ಕೇಳಿತು. "ಸರಿ. ಇನ್ನೊಂದ್ನಾಲ್ಕು ತಿಂಗ್ಳು ತೂಗ್ಲಿ. ಅವ್ನಿಗೆ ಬರೋ ವರ್ಷ ಆಡು ಅಂತ ಹೇಳು" ಎಂದ. ಹಾಗೆನ್ನುವಾಗ ಅವನ ಮುಖ ಹೇಗಿತ್ತೆಂದು ನಾನು ಹೇಳಲಾರೆ. ಕೈಯಲ್ಲಿ ಕೋಲಿಲ್ಲದಿದ್ದರೂ ನಾನಿನ್ನೂ ಒಂದು ಕಣ್ಣು ಮುಚ್ಚಿಕೊಂಡು ಬೆಟ್ಟವನ್ನೇ ನೋಡುತ್ತಿದ್ದೆ.